ಗಿಟಾರ್ ಪೆಡಲ್‌ಗಳ ಸರ್ಕ್ಯೂಟ್ ಬೋರ್ಡ್ ವಿನ್ಯಾಸ

ಗಿಟಾರ್ ಪೆಡಲ್‌ಗಳ ಸರ್ಕ್ಯೂಟ್ ಬೋರ್ಡ್ ವಿನ್ಯಾಸ ಎಂಬುದು ಎಲೆಕ್ಟ್ರಿಕ್ ಗಿಟಾರಿನ ನಾದವನ್ನು ಮಾರ್ಪಡಿಸುವ ಸಣ್ಣ ಉಪಕರಣಗಳಿಗೆ ಬೇಕಾದ ಮುದ್ರಿತ ಸರ್ಕ್ಯೂಟ್ ಬೋರ್ಡನ್ನು ಹವ್ಯಾಸಿಗಳು ಕಂಪ್ಯೂಟರಿನಲ್ಲಿ ರೂಪಿಸಿ, ಬಿಡಿಭಾಗಗಳನ್ನು ಬೆಸೆದ ಸ್ಥಿತಿಯಲ್ಲಿಯೇ ಕಾರ್ಖಾನೆಯಿಂದ ತರಿಸಿಕೊಳ್ಳುವ ವಿಧಾನವಾಗಿದೆ. ಪಾದದಿಂದ ಒತ್ತಿ ಚಾಲೂ ಮಾಡುವುದರಿಂದ ಈ ಉಪಕರಣಗಳಿಗೆ ಪೆಡಲ್ ಎಂಬ ಹೆಸರು ಬಂದಿದೆ. ಫಝ್, ಓವರ್‌ಡ್ರೈವ್, ಕೋರಸ್, ಡಿಲೇ ಮೊದಲಾದವು ಇವುಗಳ ಪ್ರಮುಖ ಪ್ರಕಾರಗಳು.

ಈ ವಿಧಾನದಲ್ಲಿ ಬೆಸುಗೆಯ ಶ್ರಮ ಕಾರ್ಖಾನೆಗೆ ವರ್ಗವಾಗುತ್ತದೆ. ಹೊಣೆ ಮಾತ್ರ ವಿನ್ಯಾಸಕಾರರಲ್ಲಿಯೇ ಉಳಿಯುತ್ತದೆ. ಕೈಯಿಂದ ಬೆಸೆಯುವಾಗ ಒಂದು ಡಯೋಡನ್ನು ತಿರುಗುಮುರುಗಾಗಿ ಇಟ್ಟರೆ ಅದು ಒಂದು ಬೋರ್ಡಿನ ತಪ್ಪು. ಅದೇ ತಪ್ಪು ಕಡತದಲ್ಲಿದ್ದರೆ ತರಿಸಿದ ಎಲ್ಲ ಬೋರ್ಡುಗಳಲ್ಲಿಯೂ ಒಂದೇ ಬಗೆಯಾಗಿ ಮೂಡುತ್ತದೆ. ಆದ್ದರಿಂದ ಆರ್ಡರ್ ಕೊಡುವ ಮುನ್ನ ನಡೆಸುವ ಪರಿಶೀಲನೆಯೇ ಈ ಕಾರ್ಯದ ಅತಿಮುಖ್ಯ ಹಂತವೆನಿಸಿದೆ.

ಹಿನ್ನೆಲೆ

1961ರಲ್ಲಿ ಬಿಡುಗಡೆಯಾದ ಮಾರ್ಟಿ ರಾಬಿನ್ಸ್ ಅವರ 'ಡೋಂಟ್ ವರಿ' ಗೀತೆಯ ಧ್ವನಿಮುದ್ರಣದ ವೇಳೆ, ಅಮೆರಿಕದ ನ್ಯಾಶ್ವಿಲ್ ನಗರದ ಸ್ಟುಡಿಯೋದಲ್ಲಿ ಉಪಕರಣವೊಂದು ಕೆಟ್ಟು ವಾದ್ಯದ ಧ್ವನಿ ಒಡೆದು ಕೇಳಿಸಿತು. ಆ ಒಡಕು ನಾದ ಕೇಳುಗರಿಗೆ ಹಿಡಿಸಿತು. ಧ್ವನಿಮುದ್ರಣ ತಂತ್ರಜ್ಞ ಗ್ಲೆನ್ ಸ್ನಾಡಿ ಅದನ್ನು ಟ್ರಾನ್ಸಿಸ್ಟರುಗಳ ನೆರವಿನಿಂದ ಮರುಸೃಷ್ಟಿಸಿದರು. 1962ರಲ್ಲಿ ಗಿಬ್ಸನ್ ಕಂಪನಿಯು 'ಮೇಸ್ಟ್ರೋ ಫಝ್-ಟೋನ್' ಎಂಬ ಹೆಸರಿನಿಂದ ಆ ಉಪಕರಣವನ್ನು ಮಾರುಕಟ್ಟೆಗೆ ತಂದಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡವು 'ಸ್ಯಾಟಿಸ್ಫ್ಯಾಕ್ಷನ್' ಗೀತೆಯಲ್ಲಿ ಇದನ್ನು ಬಳಸಿದ ಬಳಿಕ ಪೆಡಲ್‌ಗಳಿಗೆ ವ್ಯಾಪಕ ಬೇಡಿಕೆ ಉಂಟಾಯಿತು. 1966ರಲ್ಲಿ ಲಂಡನ್ನಿನ ಆರ್ಬಿಟರ್ ಸಂಸ್ಥೆಯ 'ಫಝ್ ಫೇಸ್', ಆ ದಶಕದ ಕೊನೆಯಲ್ಲಿ ಎಲೆಕ್ಟ್ರೋ-ಹಾರ್ಮೋನಿಕ್ಸ್ ಸಂಸ್ಥೆಯ 'ಬಿಗ್ ಮಫ್' ಹಾಗೂ 1970ರ ದಶಕದ ಕೊನೆಯಲ್ಲಿ ಜಪಾನಿನ ಐಬನೀಜ಼್ ಸಂಸ್ಥೆಯ 'ಟ್ಯೂಬ್ ಸ್ಕ್ರೀಮರ್' ಬಂದವು.

ಈ ಮಂಡಲಗಳು ಸರಳವಾಗಿದ್ದುದರಿಂದ ಹವ್ಯಾಸಿಗಳು ಅವನ್ನು ಮನೆಯಲ್ಲಿಯೇ ಕಟ್ಟತೊಡಗಿದರು. 1975ರಲ್ಲಿ ಪ್ರಕಟವಾದ ಕ್ರೇಗ್ ಆಂಡರ್ಟನ್ ಅವರ 'ಎಲೆಕ್ಟ್ರಾನಿಕ್ ಪ್ರಾಜೆಕ್ಟ್ಸ್ ಫಾರ್ ಮ್ಯುಸಿಷಿಯನ್ಸ್' ಎಂಬ ಪುಸ್ತಕ ಈ ಹವ್ಯಾಸಕ್ಕೆ ಕೈಪಿಡಿಯಾಯಿತು. ರಂಧ್ರಗಳಿರುವ ಹಲಗೆಯ ಮೇಲೆ ತಂತಿಗಳಿಂದ ಜೋಡಿಸುವುದು, ಇಲ್ಲವೇ ತಾಮ್ರದ ಹಲಗೆಯನ್ನು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಕೊರೆದು ಬೋರ್ಡ್ ಮಾಡಿಕೊಳ್ಳುವುದು ಆಗಿನ ರೂಢಿ.

ಎರಡು ಬೆಳವಣಿಗೆಗಳು ಈ ರೂಢಿಯನ್ನು ಬದಲಿಸಿದವು. ಮೊದಲನೆಯದು ವಿನ್ಯಾಸ ತಂತ್ರಾಂಶ. ಫ್ರಾನ್ಸಿನ ಜ್ಯಾಂ-ಪಿಯೆರ್ ಶರಾ ಅವರು 1992ರಲ್ಲಿ ಆರಂಭಿಸಿದ 'ಕೈಕ್ಯಾಡ್' ಇಂದು ಮುಕ್ತ ತಂತ್ರಾಂಶವಾಗಿ ಉಚಿತವಾಗಿ ದೊರೆಯುತ್ತದೆ. ಎರಡನೆಯದು, ಸಣ್ಣ ಆರ್ಡರುಗಳನ್ನು ಅಂತರಜಾಲದ ಮೂಲಕ ಸ್ವೀಕರಿಸುವ ಕಾರ್ಖಾನೆಗಳು. ಚೀನಾದ ಶೆನ್ಝೆನ್ ನಗರ ಇವುಗಳ ಪ್ರಮುಖ ಕೇಂದ್ರ. ಹಲವು ಗ್ರಾಹಕರ ಬೋರ್ಡುಗಳನ್ನು ಒಂದೇ ದೊಡ್ಡ ಹಲಗೆಯಲ್ಲಿ ಒಟ್ಟುಗೂಡಿಸಿ ತಯಾರಿಸುವುದರಿಂದ ಐದೇ ಬೋರ್ಡುಗಳ ಆರ್ಡರ್ ಕೂಡ ಅಗ್ಗವಾಗಿ ಸಾಧ್ಯವಾಯಿತು.

ಉದಾಹರಣೆ: ಓವರ್‌ಡ್ರೈವ್ ಮಂಡಲ

ಬೋರ್ಡ್ ವಿನ್ಯಾಸಕ್ಕೆ ಮೊದಲು ಮಂಡಲದ ಪ್ರತಿಯೊಂದು ಭಾಗದ ಕೆಲಸವನ್ನು ಅರಿತಿರಬೇಕು. ಹವ್ಯಾಸಿಗಳು ಅತಿ ಹೆಚ್ಚಾಗಿ ಅನುಸರಿಸುವ ಟ್ಯೂಬ್ ಸ್ಕ್ರೀಮರ್ ಮಾದರಿಯ ಓವರ್‌ಡ್ರೈವ್ ಇದಕ್ಕೆ ಉತ್ತಮ ನಿದರ್ಶನ.

ಗಿಟಾರಿನ ತಂತಿಗಳ ಕೆಳಗಿರುವ ಪಿಕಪ್ ಎಂಬುದು ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ತೆಳು ತಂತಿಯ ಸುರುಳಿ. ಅದರಿಂದ ಬರುವ ಸಂಕೇತ ದುರ್ಬಲ. ಅದನ್ನು ಸ್ವೀಕರಿಸುವ ಮಂಡಲದ ಪ್ರವೇಶ ಇಂಪೀಡೆನ್ಸ್ ಕಡಿಮೆಯಿದ್ದರೆ ನಾದದ ತೀಕ್ಷ್ಣ ಸ್ವರಾಂಶಗಳು ಕುಗ್ಗುತ್ತವೆ. ಹೀಗಾಗಿ ಪ್ರವೇಶ ಹಂತವನ್ನು ಸಾಮಾನ್ಯವಾಗಿ 500 ಕಿಲೋಓಮ್‌ನಿಂದ 1 ಮೆಗಾಓಮ್ ಇಂಪೀಡೆನ್ಸ್ ಇರುವಂತೆ ರೂಪಿಸುತ್ತಾರೆ.

ಪೆಡಲ್‌ಗಳು ರೂಢಿಯಂತೆ 9 ವೋಲ್ಟ್ ಏಕಮುಖ ವಿದ್ಯುತ್ತಿನಲ್ಲಿ ನಡೆಯುತ್ತವೆ. ಧ್ವನಿಸಂಕೇತವು ಮೇಲಕ್ಕೂ ಕೆಳಕ್ಕೂ ಏರಿಳಿಯಬೇಕಾದ್ದರಿಂದ ಎರಡು ಸಮಾನ ರೆಸಿಸ್ಟರುಗಳಿಂದ 9 ವೋಲ್ಟನ್ನು ಅರ್ಧಿಸಿ 4.5 ವೋಲ್ಟ್‌ನ ಆಧಾರಬಿಂದುವನ್ನು ಪಡೆಯಲಾಗುತ್ತದೆ.

ಮುಖ್ಯ ವರ್ಧಕ ಹಂತದಲ್ಲಿ ಒಂದು ಆಪ್-ಆಂಪ್ ಇರುತ್ತದೆ. ಅದರ ಹಿಮ್ಮಾಹಿತಿ ಮಾರ್ಗದಲ್ಲಿ 51 ಕಿಲೋಓಮ್ ರೆಸಿಸ್ಟರ್, ಅದರೊಂದಿಗೆ ಸರಣಿಯಲ್ಲಿ 500 ಕಿಲೋಓಮ್ ಪೊಟೆನ್ಷಿಯೋಮೀಟರ್. ಕೆಳಗಿನ ಮಾರ್ಗದಲ್ಲಿ 4.7 ಕಿಲೋಓಮ್ ರೆಸಿಸ್ಟರ್ ಇರುತ್ತವೆ. ಈ ಬೆಲೆಗಳಿಂದ ವರ್ಧನೆಯು ಗುಬುಟನ್ನು ತಿರುಗಿಸಿದಂತೆ ಸುಮಾರು 12 ಪಟ್ಟಿನಿಂದ 118 ಪಟ್ಟಿನವರೆಗೆ ಬದಲಾಗುತ್ತದೆ. ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಜೋಡಿಸಿದ ಎರಡು ಸಿಲಿಕಾನ್ ಡಯೋಡುಗಳು ವರ್ಧಿತ ಸಂಕೇತದ ತುದಿಗಳನ್ನು ಸುಮಾರು 0.6 ವೋಲ್ಟ್ ಮಟ್ಟದಲ್ಲಿ ಮೃದುವಾಗಿ ಮೊಟಕುಗೊಳಿಸುತ್ತವೆ. ಒಡಕು ನಾದದ ಮೂಲ ಇದೇ.

4.7 ಕಿಲೋಓಮ್ ರೆಸಿಸ್ಟರಿನೊಂದಿಗೆ ಸರಣಿಯಲ್ಲಿರುವ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳ ವರ್ಧನೆಯನ್ನು ತಗ್ಗಿಸುತ್ತದೆ. ಗಿಟಾರಿನ ಅತಿ ದಪ್ಪ ತಂತಿಯ ಆವೃತ್ತಿ ಸುಮಾರು 82 ಹರ್ಟ್ಸ್. ಮಂದ್ರ ಸ್ವರಗಳು ಹೆಚ್ಚು ಒಡೆಯದೆ ನಾದ ಸ್ಪಷ್ಟವಾಗಿರಲು ಈ ಶೋಧಕವೇ ಕಾರಣ. ಬಿಡಿಭಾಗಗಳ ಪಟ್ಟಿಯಲ್ಲಿ 0.047ರ ಬದಲು 0.47 ಎಂದು ನಮೂದಾದರೆ ಈ ಮಿತಿ 72 ಹರ್ಟ್ಸ್‌ಗೆ ಇಳಿಯುತ್ತದೆ. ಬೋರ್ಡ್ ಕೆಲಸ ಮಾಡುತ್ತದೆ, ದೀಪ ಬೆಳಗುತ್ತದೆ, ಧ್ವನಿಯೂ ಬರುತ್ತದೆ. ಆದರೆ ದಪ್ಪ ತಂತಿಗಳ ನಾದ ಕಲಸಿದಂತೆ ಕೇಳುತ್ತದೆ. ಚಪ್ಪಟೆ ಸೆರಾಮಿಕ್ ಕೆಪಾಸಿಟರುಗಳ ಮೈಮೇಲೆ ಬೆಲೆ ಮುದ್ರಿತವಾಗಿರುವುದಿಲ್ಲವಾದ್ದರಿಂದ ಈ ತಪ್ಪು ಕಣ್ಣಿಗೆ ಕಾಣುವುದೂ ಇಲ್ಲ.

ಬಿಡಿಭಾಗಗಳ ಆಯ್ಕೆ

ಕಾರ್ಖಾನೆಯ ಯಂತ್ರಗಳು ಮುಖ್ಯವಾಗಿ ಬೋರ್ಡಿನ ಮೇಲ್ಮೈಗೆ ಅಂಟಿದಂತೆ ಕೂರುವ ಬಿಡಿಭಾಗಗಳನ್ನು ಜೋಡಿಸುತ್ತವೆ. ರೆಸಿಸ್ಟರ್ ಮತ್ತು ಕೆಪಾಸಿಟರುಗಳಲ್ಲಿ '0805' ಎಂಬ ಅಳತೆ ಸುಮಾರು 2 ಮಿ.ಮೀ. ಉದ್ದ, 1.25 ಮಿ.ಮೀ. ಅಗಲವಿದ್ದರೆ, '0603' ಸುಮಾರು 1.6 ಮಿ.ಮೀ. ಉದ್ದ, 0.8 ಮಿ.ಮೀ. ಅಗಲವಿರುತ್ತದೆ. ತಪ್ಪಾದರೆ ಕೈಯಿಂದ ಬಿಚ್ಚಿ ಸರಿಪಡಿಸಲು 0805 ಅನುಕೂಲಕರ.

ಸೆರಾಮಿಕ್ ಕೆಪಾಸಿಟರುಗಳ ಆಯ್ಕೆಯಲ್ಲಿ ಎಚ್ಚರ ಅಗತ್ಯ. 'ಎಕ್ಸ್7ಆರ್' ಬಗೆಯವುಗಳ ಧಾರಕತೆಯು ಅವುಗಳ ಮೇಲಿನ ವೋಲ್ಟೇಜ್ ಹೆಚ್ಚಿದಂತೆ ಕುಗ್ಗುತ್ತದೆ. ಬೋರ್ಡನ್ನು ತಟ್ಟಿದಾಗ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸಿ ಸದ್ದು ಮಾಡುವ ಗುಣವೂ ಅವಕ್ಕಿದೆ. ಪಾದದಿಂದ ತುಳಿಯುವ ಉಪಕರಣದಲ್ಲಿ ಇದು ಕಡೆಗಣಿಸಬಹುದಾದ ವಿಷಯವಲ್ಲ. ಧ್ವನಿಮಾರ್ಗದ ಸಣ್ಣ ಬೆಲೆಗಳಿಗೆ 'ಸಿ0ಜಿ' ಬಗೆಯ ಸೆರಾಮಿಕ್, ದೊಡ್ಡವಕ್ಕೆ ಫಿಲ್ಮ್ ಕೆಪಾಸಿಟರ್ ಸೂಕ್ತ. ವಿದ್ಯುತ್ ಪೂರೈಕೆಯನ್ನು ಶೋಧಿಸಲು ಎಕ್ಸ್7ಆರ್ ಸಾಕಾಗುತ್ತದೆ.

ಸಮಾನ ಜೋಡಣೆಯ ಆಪ್-ಆಂಪ್‌ಗಳನ್ನು ಒಂದರ ಬದಲು ಇನ್ನೊಂದನ್ನಾಗಿ ಬಳಸಬಹುದು. 4558 ಮತ್ತು ಟಿಎಲ್072 ಎರಡೂ ಎಂಟು ಕಾಲಿನ ಜೋಡಿ ಆಪ್-ಆಂಪ್‌ಗಳಾಗಿದ್ದು ಅವುಗಳ ಕಾಲುಗಳ ಕ್ರಮ ಒಂದೇ. ಟ್ರಾನ್ಸಿಸ್ಟರುಗಳಲ್ಲಿ ಹಾಗಲ್ಲ. 2ಎನ್3904 ಮತ್ತು ಬಿಸಿ547 ಹೊರನೋಟಕ್ಕೆ ಒಂದೇ ರೀತಿ ಇದ್ದರೂ ಎಮಿಟರ್, ಕಲೆಕ್ಟರ್ ಕಾಲುಗಳು ಅದಲುಬದಲಾಗಿವೆ. ಪ್ರತಿ ಭಾಗದ ತಾಂತ್ರಿಕ ವಿವರಪತ್ರವನ್ನು ತೆರೆದು ನೋಡುವುದೊಂದೇ ಇದಕ್ಕೆ ಪರಿಹಾರ.

ಹಳೆಯ ಮಂಡಲಚಿತ್ರಗಳಲ್ಲಿರುವ ಕೆಲವು ಭಾಗಗಳು ಈಗ ಮೂಲರೂಪದಲ್ಲಿ ತಯಾರಾಗುವುದಿಲ್ಲ. ಉದ್ದ ಕಾಲುಗಳ ಜೆ201 ಟ್ರಾನ್ಸಿಸ್ಟರಿಗೆ ಬದಲಾಗಿ ಅದರ ಮೇಲ್ಮೈ ಜೋಡಣೆಯ ರೂಪವನ್ನು ಬಳಸುವುದು ರೂಢಿಯಲ್ಲಿದೆ.

ಬೋರ್ಡಿನ ವಿನ್ಯಾಸ

ಮೊದಲು ಮಂಡಲವನ್ನು ಬ್ರೆಡ್‌ಬೋರ್ಡಿನ ಮೇಲೆ ಕಟ್ಟಿ ಗಿಟಾರಿಗೆ ಜೋಡಿಸಿ ಕೇಳುವುದು ವಾಡಿಕೆ. ಅನಂತರ ತಂತ್ರಾಂಶದಲ್ಲಿ ಮಂಡಲಚಿತ್ರ ಬರೆದು, ಪ್ರತಿ ಭಾಗಕ್ಕೂ ಅದು ಕೂರುವ ತಾಮ್ರದ ತಟ್ಟೆಗಳ ನಕ್ಷೆಯನ್ನು ಗೊತ್ತುಪಡಿಸಬೇಕು. ಈ ನಕ್ಷೆಗೆ ಫುಟ್‌ಪ್ರಿಂಟ್ ಎನ್ನುತ್ತಾರೆ. ಬೋರ್ಡನ್ನು ನಿಜ ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ, ಕೈಯಲ್ಲಿರುವ ಬಿಡಿಭಾಗಗಳನ್ನು ಅದರ ಮೇಲಿಟ್ಟು ನೋಡಿದರೆ ಫುಟ್‌ಪ್ರಿಂಟಿನ ತಪ್ಪುಗಳು ಬಹುಪಾಲು ಬಯಲಾಗುತ್ತವೆ.

ಬೋರ್ಡಿನ ಆಕಾರವನ್ನು ಲೋಹದ ಪೆಟ್ಟಿಗೆ ನಿರ್ಧರಿಸುತ್ತದೆ. ಹ್ಯಾಮಂಡ್ ಸಂಸ್ಥೆಯ '1590ಬಿ' ಎಂಬ ಅಲ್ಯುಮಿನಿಯಂ ಪೆಟ್ಟಿಗೆಯ ಹೊರ ಅಳತೆ ಸುಮಾರು 112 ಮಿ.ಮೀ. ಉದ್ದ, 60 ಮಿ.ಮೀ. ಅಗಲ, 31 ಮಿ.ಮೀ. ಎತ್ತರ. ಇದರೊಳಗೆ ಎರಡು ಜ್ಯಾಕ್, ಒಂದು ಪಾದಸ್ವಿಚ್, ವಿದ್ಯುತ್ ಜ್ಯಾಕ್ ಮತ್ತು ಬೋರ್ಡ್ ಹಿಡಿಸಬೇಕು. ಪೊಟೆನ್ಷಿಯೋಮೀಟರುಗಳನ್ನು ಬೋರ್ಡಿಗೇ ಬೆಸೆದರೆ ಅವು ಬೋರ್ಡನ್ನು ಹಿಡಿದಿಡುವ ಆಧಾರವೂ ಆಗುತ್ತವೆ.

ಸಾಮಾನ್ಯವಾಗಿ 1.6 ಮಿ.ಮೀ. ದಪ್ಪದ, ಎರಡು ಬದಿಯಲ್ಲಿ ತಾಮ್ರವಿರುವ ಗಾಜುನಾರಿನ ಹಲಗೆ ಸಾಕು. ಒಂದು ಬದಿಯನ್ನು ಆದಷ್ಟು ಅಖಂಡವಾದ ಗ್ರೌಂಡ್ ಪದರವಾಗಿ ಬಿಡುವುದರಿಂದ ಗುಂಯ್‌ಗುಡುವ ಸದ್ದು ತಗ್ಗುತ್ತದೆ. ಪ್ರವೇಶದ ತಾಮ್ರರೇಖೆ ಚಿಕ್ಕದಾಗಿರಬೇಕು, ನಿರ್ಗಮದ ರೇಖೆಯಿಂದ ದೂರವಿರಬೇಕು. ಹೆಚ್ಚು ವರ್ಧನೆಯ ಮಂಡಲದಲ್ಲಿ ಇವೆರಡು ಹತ್ತಿರವಾದರೆ ಪೆಡಲ್ ತಾನಾಗಿಯೇ ಕೀರಲು ಧ್ವನಿ ಹೊರಡಿಸುತ್ತದೆ. ವೋಲ್ಟೇಜನ್ನು ದ್ವಿಗುಣಗೊಳಿಸಲು ಅಥವಾ ತಿರುಗಿಸಲು ಬಳಸುವ ಐಸಿಎಲ್7660ರಂತಹ ಐಸಿಗಳು ಸುಮಾರು 10 ಕಿಲೋಹರ್ಟ್ಸ್ ಆವೃತ್ತಿಯಲ್ಲಿ ಕೆಲಸ ಮಾಡುವುದರಿಂದ ಅವುಗಳ ಸಿಳ್ಳು ಧ್ವನಿಮಾರ್ಗಕ್ಕೆ ನುಸುಳಬಹುದು. ಅಂತಹ ಐಸಿಯನ್ನು ಪ್ರವೇಶ ಹಂತದಿಂದ ದೂರವಿರಿಸುತ್ತಾರೆ, ಇಲ್ಲವೇ ಆವೃತ್ತಿಯನ್ನು ಶ್ರವಣಮಿತಿಯಾಚೆಗೆ ಏರಿಸಲು ಅವಕಾಶವಿರುವ ಐಸಿಯನ್ನು ಆರಿಸುತ್ತಾರೆ.

ವಿದ್ಯುತ್ ಪೂರೈಕೆಯ ಧ್ರುವತೆ ಇನ್ನೊಂದು ಮುಖ್ಯ ಅಂಶ. ಪೆಡಲ್‌ಗಳ 2.1 ಮಿ.ಮೀ. ಜ್ಯಾಕಿನಲ್ಲಿ ನಡುವಿನ ಕಡ್ಡಿ ಋಣ, ಹೊರವಲಯ ಧನ. ಇತರ ಹಲವು ಗೃಹೋಪಕರಣಗಳಲ್ಲಿ ಇದು ಇದಕ್ಕೆ ವಿರುದ್ಧವಾಗಿರುತ್ತದೆ. ಲೋಹದ ಪೆಟ್ಟಿಗೆಯು ಗ್ರೌಂಡಿಗೆ ಸೇರಿರುವುದರಿಂದ ಪ್ಲಾಸ್ಟಿಕ್ ಕವಚದ ಜ್ಯಾಕನ್ನೇ ಬಳಸಬೇಕು. ತಪ್ಪು ಅಡಾಪ್ಟರಿನಿಂದ ಐಸಿ ಸುಡದಂತೆ ಸರಣಿಯಲ್ಲಿ ಒಂದು ಷಾಟ್ಕಿ ಡಯೋಡನ್ನು ಅಳವಡಿಸುವುದು ಉತ್ತಮ ಅಭ್ಯಾಸ.

ಕಾರ್ಖಾನೆಗೆ ಕಳುಹಿಸುವ ಕಡತಗಳು

ಬೋರ್ಡ್ ತಯಾರಿಕೆ ಹಾಗೂ ಜೋಡಣೆಗೆ ನಾಲ್ಕು ಬಗೆಯ ಕಡತಗಳು ಬೇಕಾಗುತ್ತವೆ.

• ಗರ್ಬರ್ ಕಡತಗಳು: ತಾಮ್ರ, ಹಸಿರು ಲೇಪನ, ಬೆಸುಗೆಲೇಪ, ಅಕ್ಷರಮುದ್ರಣ ಮತ್ತು ಬೋರ್ಡಿನ ಅಂಚು, ಹೀಗೆ ಪ್ರತಿ ಪದರಕ್ಕೂ ಒಂದೊಂದು ಚಿತ್ರ.
• ಕೊರೆತದ ಕಡತ: ಪ್ರತಿ ರಂಧ್ರದ ಸ್ಥಾನ ಮತ್ತು ವ್ಯಾಸ.
• ಬಿಡಿಭಾಗಗಳ ಪಟ್ಟಿ: ಭಾಗದ ಗುರುತು, ಬೆಲೆ, ಅಳತೆ, ಸಂಖ್ಯೆ ಹಾಗೂ ಕಾರ್ಖಾನೆಯ ದಾಸ್ತಾನು ಸಂಖ್ಯೆ.
• ಸ್ಥಾನಸೂಚಿ: ಪ್ರತಿ ಭಾಗದ ಅಡ್ಡ ಮತ್ತು ಲಂಬ ನಿರ್ದೇಶಾಂಕ, ತಿರುಗಿಸಬೇಕಾದ ಕೋನ, ಬೋರ್ಡಿನ ಯಾವ ಬದಿ ಎಂಬ ವಿವರ.

ಈ ನಾಲ್ಕರಲ್ಲಿ ಹೆಚ್ಚು ತೊಂದರೆ ಕೊಡುವುದು ಸ್ಥಾನಸೂಚಿ. ವಿನ್ಯಾಸ ತಂತ್ರಾಂಶದಲ್ಲಿ ಭಾಗದ ಶೂನ್ಯ ಕೋನ ಒಂದು ಬಗೆಯಾಗಿದ್ದು, ಕಾರ್ಖಾನೆಯ ಸುರುಳಿಪಟ್ಟಿಯಲ್ಲಿ ಅದು ಇನ್ನೊಂದು ಬಗೆಯಾಗಿರಬಹುದು. ಆಗ ಐಸಿಗಳು 90 ಅಥವಾ 180 ಡಿಗ್ರಿ ತಿರುಗಿ ಕೂರುತ್ತವೆ. ರೆಸಿಸ್ಟರ್ 180 ಡಿಗ್ರಿ ತಿರುಗಿದರೆ ಹಾನಿಯಿಲ್ಲ. ಡಯೋಡ್, ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, ಐಸಿ ತಿರುಗಿದರೆ ಬೋರ್ಡ್ ನಿರುಪಯುಕ್ತ. ಬಹುತೇಕ ಕಾರ್ಖಾನೆಗಳ ಜಾಲತಾಣಗಳು ಜೋಡಿತ ಬೋರ್ಡಿನ ಚಿತ್ರವನ್ನು ಆರ್ಡರಿಗೆ ಮುನ್ನ ತೋರಿಸುತ್ತವೆ. ಐಸಿಯ ಒಂದನೆಯ ಕಾಲಿನ ಚುಕ್ಕೆ ಮತ್ತು ಡಯೋಡಿನ ಪಟ್ಟೆ ಸರಿಯಾದ ತುದಿಯಲ್ಲಿವೆಯೇ ಎಂದು ಅಲ್ಲಿ ಒಂದೊಂದಾಗಿ ನೋಡಬೇಕು.

ಜೋಡಣೆಯ ಪ್ರಕ್ರಿಯೆ

ತೂತುಗಳಿರುವ ತೆಳು ಉಕ್ಕಿನ ಹಾಳೆಯನ್ನು ಬೋರ್ಡಿನ ಮೇಲಿಟ್ಟು ಬೆಸುಗೆಲೇಪವನ್ನು ಸವರಲಾಗುತ್ತದೆ. ಬಳಿಕ ಯಂತ್ರವು ಸುರುಳಿಪಟ್ಟಿಗಳಿಂದ ಬಿಡಿಭಾಗಗಳನ್ನು ಹೀರಿ ಎತ್ತಿ ಲೇಪದ ಮೇಲೆ ಕೂರಿಸುತ್ತದೆ. ಕೊನೆಯಲ್ಲಿ ಬೋರ್ಡ್ ಒಲೆಯೊಳಗೆ ಸಾಗಿ ಬೆಸುಗೆ ಕರಗಿ ಗಟ್ಟಿಯಾಗುತ್ತದೆ. ಸೀಸ ಸೇರಿದ 63/37 ಪ್ರಮಾಣದ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ, ತವರ, ಬೆಳ್ಳಿ, ತಾಮ್ರಗಳ ಸೀಸರಹಿತ ಬೆಸುಗೆಗೆ ಸುಮಾರು 217 ಡಿಗ್ರಿಗಿಂತ ಹೆಚ್ಚಿನ ಉಷ್ಣತೆ ಬೇಕು.

ಪೊಟೆನ್ಷಿಯೋಮೀಟರ್, ಜ್ಯಾಕ್, ಪಾದಸ್ವಿಚ್ ಮೊದಲಾದ ದೊಡ್ಡ ಭಾಗಗಳನ್ನು ಸಾಮಾನ್ಯವಾಗಿ ಹವ್ಯಾಸಿಗಳೇ ಕೈಯಿಂದ ಬೆಸೆಯುತ್ತಾರೆ. ಕಾರ್ಖಾನೆಗಳು ಇವನ್ನೂ ಜೋಡಿಸಿಕೊಡುತ್ತವೆಯಾದರೂ ಅದಕ್ಕೆ ಹೆಚ್ಚುವರಿ ಶುಲ್ಕವಿರುತ್ತದೆ.

ಆರ್ಡರ್ ಮತ್ತು ವೆಚ್ಚ

ಒಟ್ಟು ವೆಚ್ಚದಲ್ಲಿ ಬೋರ್ಡ್, ಯಂತ್ರವನ್ನು ಅಣಿಗೊಳಿಸುವ ಶುಲ್ಕ, ಉಕ್ಕಿನ ಹಾಳೆ, ಬಿಡಿಭಾಗಗಳು, ಸಾಗಣೆ ಮತ್ತು ಸುಂಕಗಳು ಸೇರುತ್ತವೆ. ಸಣ್ಣ ಆರ್ಡರಿನಲ್ಲಿ ಬಿಡಿಭಾಗಗಳ ಬೆಲೆಗಿಂತ ಶುಲ್ಕಗಳೇ ಹೆಚ್ಚಾಗಬಹುದು. ಕೆಲವು ಕಾರ್ಖಾನೆಗಳು ಸದಾ ಯಂತ್ರದಲ್ಲಿರುವ ಸಾಮಾನ್ಯ ಭಾಗಗಳಿಗೆ ಪ್ರತ್ಯೇಕ ಶುಲ್ಕ ವಿಧಿಸುವುದಿಲ್ಲ; ದಾಸ್ತಾನಿನಿಂದ ತರಬೇಕಾದ ಪ್ರತಿಯೊಂದು ಬಗೆಗೂ ವಿಧಿಸುತ್ತವೆ. ಆದ್ದರಿಂದ ಭಾಗಗಳ ಒಟ್ಟು ಸಂಖ್ಯೆಗಿಂತ ಅವುಗಳ ಬಗೆಗಳನ್ನು ಕಡಿಮೆ ಮಾಡುವುದು ಲಾಭಕರ. ಉದಾಹರಣೆಗೆ, ಆಧಾರಬಿಂದುವಿನ ಎರಡು ರೆಸಿಸ್ಟರುಗಳಿಗೆ ಬೇರೆಡೆ ಈಗಾಗಲೇ ಬಳಸಿರುವ 10 ಕಿಲೋಓಮ್ ಬೆಲೆಯನ್ನೇ ಆರಿಸಬಹುದು. ಧ್ವನಿಯ ಗುಣವನ್ನು ನಿರ್ಧರಿಸುವ ಬೆಲೆಗಳನ್ನು ಮಾತ್ರ ಉಳಿತಾಯಕ್ಕಾಗಿ ಬದಲಿಸಬಾರದು.

ಮೊದಲ ಆರ್ಡರಿನಲ್ಲಿ ಐದು ಬೋರ್ಡುಗಳನ್ನು ತರಿಸಿದರೂ ಎರಡಕ್ಕೆ ಮಾತ್ರ ಜೋಡಣೆ ಮಾಡಿಸುವ ಸೌಲಭ್ಯ ಕೆಲವೆಡೆ ಇದೆ. ಹೊಸ ವಿನ್ಯಾಸಕ್ಕೆ ಇದು ಸುರಕ್ಷಿತ ಮಾರ್ಗ.

ಸಾಮಾನ್ಯ ದೋಷಗಳು

• ಪೊಟೆನ್ಷಿಯೋಮೀಟರನ್ನು ಬೋರ್ಡಿನ ಹಿಂಬದಿಗೆ ಬೆಸೆಯುವ ಉದ್ದೇಶವಿದ್ದು ಫುಟ್‌ಪ್ರಿಂಟನ್ನು ಮುಂಬದಿಗೆ ಇಟ್ಟಿರುವುದು. ಆಗ ಕಾಲುಗಳ ಕ್ರಮ ಕನ್ನಡಿಯಲ್ಲಿ ಕಂಡಂತೆ ತಿರುಗಿ, ಗುಬುಟನ್ನು ಹೆಚ್ಚಿಸಿದರೆ ಧ್ವನಿ ಕಡಿಮೆಯಾಗುತ್ತದೆ.
• ಐಸಿಯ ವಿದ್ಯುತ್ ಕಾಲುಗಳಿಗೆ ಮಂಡಲಚಿತ್ರದಲ್ಲಿ ಸಂಪರ್ಕ ಕೊಡದೆ ಬಿಟ್ಟಿರುವುದು.
• ಎತ್ತರದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಪೆಟ್ಟಿಗೆಯ ಮುಚ್ಚಳಕ್ಕೆ ತಾಗುವುದು.
• ಬಿಡಿಭಾಗ ದಾಸ್ತಾನಿನಲ್ಲಿ ಇಲ್ಲದಿದ್ದಾಗ ಅವಸರದಲ್ಲಿ ಕಾಲುಗಳ ಕ್ರಮ ಬೇರೆಯಿರುವ ಬದಲಿ ಭಾಗವನ್ನು ಆರಿಸುವುದು.

ತಂತ್ರಾಂಶದ ನಿಯಮ ಪರೀಕ್ಷೆಯು ರೇಖೆಗಳ ಅಂತರ, ಸಂಪರ್ಕವಿಲ್ಲದ ಕಾಲು ಮುಂತಾದವನ್ನು ಎತ್ತಿ ತೋರಿಸುತ್ತದೆ. ಆದರೆ ಮಂಡಲಚಿತ್ರವೇ ತಪ್ಪಾಗಿದ್ದರೆ ಅದಕ್ಕೆ ತಿಳಿಯದು.

ಪರೀಕ್ಷೆ

ಬೋರ್ಡ್ ಬಂದ ಕೂಡಲೇ ವಿದ್ಯುತ್ ಕೊಡದೆ, 9 ವೋಲ್ಟ್ ಮತ್ತು ಗ್ರೌಂಡ್ ನಡುವೆ ನೇರ ಸಂಪರ್ಕವಿಲ್ಲವೆಂದು ಮಲ್ಟಿಮೀಟರಿನಿಂದ ಖಚಿತಪಡಿಸಿಕೊಳ್ಳಬೇಕು. ಮೊದಲ ಬಾರಿ ವಿದ್ಯುತ್ ಕೊಡುವಾಗ ಸರಣಿಯಲ್ಲಿ 100 ಓಮ್, 1 ವ್ಯಾಟ್ ರೆಸಿಸ್ಟರ್ ಇಟ್ಟರೆ ಶಾರ್ಟ್ ಸರ್ಕ್ಯೂಟ್ ಇದ್ದರೂ ಪ್ರವಾಹ 90 ಮಿಲಿಆಂಪಿಯರ್ ಮೀರದು. ಅನಂತರ ಆ ರೆಸಿಸ್ಟರನ್ನು ತೆಗೆದು ಐಸಿಯ ವಿದ್ಯುತ್ ಕಾಲಿನಲ್ಲಿ ಸುಮಾರು 9 ವೋಲ್ಟ್, ಆಧಾರಬಿಂದು ಹಾಗೂ ಆಪ್-ಆಂಪ್ ನಿರ್ಗಮಗಳಲ್ಲಿ ಅದರ ಅರ್ಧ ಇದೆಯೇ ಎಂದು ಅಳೆಯಬೇಕು. 1 ಮೆಗಾಓಮ್ ರೆಸಿಸ್ಟರಿನ ಮೂಲಕ 4.5 ವೋಲ್ಟ್ ಪಡೆಯುವ ಪ್ರವೇಶ ಕಾಲಿನಲ್ಲಿ, 10 ಮೆಗಾಓಮ್ ಒಳರೋಧವಿರುವ ಮೀಟರ್ ಸುಮಾರು 4.1 ವೋಲ್ಟ್ ತೋರಿಸುತ್ತದೆ. ಇದು ಮೀಟರಿನ ಪ್ರಭಾವವೇ ಹೊರತು ಬೋರ್ಡಿನ ದೋಷವಲ್ಲ.

ಧ್ವನಿ ಬಾರದಿದ್ದರೆ, ಆಂಪ್ಲಿಫೈಯರಿಗೆ ಜೋಡಿಸಿದ ತಂತಿಯ ತುದಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿ, ಪ್ರವೇಶದಿಂದ ಆರಂಭಿಸಿ ಹಂತಹಂತವಾಗಿ ಮುಟ್ಟುತ್ತ ಸಾಗಬೇಕು. ಧ್ವನಿ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಯೇ ದೋಷವಿರುತ್ತದೆ. ಬೋರ್ಡಿನಲ್ಲಿ ಮುಖ್ಯ ಬಿಂದುಗಳಿಗೆ ಪರೀಕ್ಷಾ ತಟ್ಟೆಗಳನ್ನು ಮೊದಲೇ ಬಿಟ್ಟಿದ್ದರೆ ಈ ಕೆಲಸ ಸುಲಭ.

ಹಕ್ಕುಗಳು

ಹಳೆಯ ಪೆಡಲ್‌ಗಳ ಮಂಡಲಗಳನ್ನು ಅಧ್ಯಯನ ಮಾಡಿ ಸ್ವಂತ ಬಳಕೆಗೆ ಕಟ್ಟುವುದು ಈ ಹವ್ಯಾಸದ ಪರಂಪರೆ. ಮಾರಾಟದ ವಿಷಯ ಬೇರೆ. ಉತ್ಪನ್ನಗಳ ಹೆಸರು, ಲಾಂಛನಗಳಿಗೆ ವ್ಯಾಪಾರಚಿಹ್ನೆಯ ರಕ್ಷಣೆ, ಆವಿಷ್ಕಾರಗಳಿಗೆ ಪೇಟೆಂಟ್ ರಕ್ಷಣೆ ಇರಬಹುದು. ಇನ್ನೊಬ್ಬರು ಬರೆದ ಬೋರ್ಡಿನ ನಕ್ಷೆಯನ್ನು ಅನುಮತಿಯಿಲ್ಲದೆ ನಕಲಿಸುವುದು ಸಲ್ಲದು. ಮುಕ್ತ ಪರವಾನಗಿಯಲ್ಲಿ ದೊರೆಯುವ ವಿನ್ಯಾಸಗಳಿಗೂ ತಮ್ಮದೇ ಆದ ಷರತ್ತುಗಳಿರುತ್ತವೆ.

ಭಾರತದಲ್ಲಿ

ಬೆಂಗಳೂರಿನ ಎಸ್.ಪಿ. ರಸ್ತೆ, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಗಳು ಎಲೆಕ್ಟ್ರಾನಿಕ್ ಬಿಡಿಭಾಗಗಳ ಹೆಸರಾಂತ ಮಾರುಕಟ್ಟೆಗಳು. ಕೈಯಿಂದ ಬೆಸೆಯುವ ಜ್ಯಾಕ್, ಪೊಟೆನ್ಷಿಯೋಮೀಟರ್ ಮೊದಲಾದವನ್ನು ಇಂತಹ ಕಡೆ ಕಂಡು, ಅಳೆದು ಕೊಳ್ಳಬಹುದು. ಜೋಡಿತ ಬೋರ್ಡುಗಳನ್ನು ತಯಾರಿಸಿಕೊಡುವ ಸಂಸ್ಥೆಗಳು ಬೆಂಗಳೂರು ಹಾಗೂ ಗುಜರಾತಿನ ಗಾಂಧಿನಗರದಲ್ಲಿಯೂ ಇವೆ. ವಿದೇಶದಿಂದ ತರಿಸುವಾಗ ಆಮದು ಸುಂಕ ಮತ್ತು ಜಿಎಸ್‌ಟಿ ತಗಲುತ್ತವೆ. ಕೊರಿಯರ್ ಸಂಸ್ಥೆಗೆ ಗುರುತಿನ ದಾಖಲೆಗಳನ್ನೂ ಒದಗಿಸಬೇಕಾಗುತ್ತದೆ.

ಇದೇ ಜ್ಞಾನ ಗಿಟಾರಿಗಷ್ಟೇ ಸೀಮಿತವಲ್ಲ. ವೀಣೆ, ಪಿಟೀಲುಗಳಿಗೆ ಅಂಟಿಸುವ ಪೀಜ಼ೋ ಪಿಕಪ್‌ಗಳಿಗೂ ಹೆಚ್ಚಿನ ಪ್ರವೇಶ ಇಂಪೀಡೆನ್ಸ್ ಅಗತ್ಯ. ಅಂತಹ ಪಿಕಪ್ಪನ್ನು ಕಡಿಮೆ ಇಂಪೀಡೆನ್ಸಿನ ಧ್ವನಿವರ್ಧಕಕ್ಕೆ ನೇರವಾಗಿ ಜೋಡಿಸಿದರೆ ಮಂದ್ರ ಸ್ವರಗಳು ಕುಗ್ಗಿ ನಾದ ಕೀಚಲಾಗುತ್ತದೆ. ಒಂದೇ ಆಪ್-ಆಂಪ್ ಇರುವ ಸಣ್ಣ ಬಫರ್ ಬೋರ್ಡ್ ಈ ಕೊರತೆಯನ್ನು ನೀಗಿಸುತ್ತದೆ. ಭಾಗಗಳು ಕಡಿಮೆಯಿರುವುದರಿಂದ ವಿದ್ಯಾರ್ಥಿಗಳ ಮೊದಲ ವಿನ್ಯಾಸಕ್ಕೂ ಅದು ಸೂಕ್ತ.

ಇವನ್ನೂ ನೋಡಿ

• ಎಲೆಕ್ಟ್ರಿಕ್ ಗಿಟಾರ್
• ಮುದ್ರಿತ ಸರ್ಕ್ಯೂಟ್ ಬೋರ್ಡ್
• ಆಪರೇಷನಲ್ ಆಂಪ್ಲಿಫೈಯರ್
• ಬೆಸುಗೆ
• ಮುಕ್ತ ತಂತ್ರಾಂಶ